ಚಕ್ರದ ಕೆಳಗಿನ ಕಲ್ಲು

ಕಾರ್ತಿಕ ಮಾಸ ಮುಗಿಯುತ್ತಾ ಬಂದಿತ್ತು. ಸೋಮವಾರ ಬೆಳಿಗ್ಗೆ ಏಳು ಗಂಟೆ. ಹಲಸೂರು ಕೆರೆಯ ಕಡೆಯಿಂದ ಬಂದ ಮಂಜು ಇನ್ನೂ ಬೀದಿಯಲ್ಲೇ ನಿಂತಿತ್ತು. ಆ ಹೊತ್ತಿಗೆ ನಮ್ಮ ಇಳಿಜಾರು ಬೀದಿಗೆ ಅಜ್ಮತ್ ಅವರ ಹೊಸ ಲಾರಿ ಬಂತು.

ಅಜ್ಮತ್ ಶಾಮಿಯಾನದವರು. ಮದುವೆಗೆ ಬೇಕಾದ ಕಂಬ, ಬಟ್ಟೆ, ಹಾಸಿಗೆ, ಬಿರಿಯಾನಿ ಬೇಯಿಸುವ ದೊಡ್ಡ ದೊಡ್ಡ ದೇಗ್‌ಗಳು ಎಲ್ಲ ಅವರ ಗೋಡೌನಿನಲ್ಲಿವೆ. ಮನೆ ಇರುವುದು ಗೋಡೌನಿನ ಮೇಲೆಯೇ. ನಾನು ಅವರ ತಂದೆಯ ಕಾಲದಿಂದ ಆ ದೇಗ್‌ಗಳಿಗೆ ಕಲಾಯಿ ಹಾಕುತ್ತಾ ಬಂದವನು. ಆ ದಿನವೂ ಅಲ್ಲೇ ಇದ್ದೆ. ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ.

ಲಾರಿ ತಂದವರು ಡ್ರೈವರ್ ಮುನಿರಾಜಪ್ಪ. ಇಪ್ಪತ್ತಾರು ವರ್ಷ ಅದೇ ಮನೆಯ ಹಳೇ ಲಾರಿ ಓಡಿಸಿದವರು. ಹೊಸದು ಬಂದ ಮೇಲೆ ಮೊದಲ ಬಾಡಿಗೆಗೆ ಓಡಿಸುವುದು ನೀವೇ ಎಂದು ಅಜ್ಮತ್ ಎಂದೋ ಮಾತು ಕೊಟ್ಟಿದ್ದರು. ಆ ಮೊದಲ ಬಾಡಿಗೆ ಗುರುವಾರ, ಮುಳಬಾಗಿಲಿನ ಒಂದು ಮದುವೆಗೆ. ಅದನ್ನು ಮುನಿರಾಜಪ್ಪ ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿ ಮುಗಿಸಿದ್ದರು. ಕೇಳದವರು ಯಾರಾದರೂ ಉಳಿದಿದ್ದಾರೆಯೇ ಎಂದು ಹುಡುಕುತ್ತಿದ್ದರು.

ಬೀದಿಗೆಲ್ಲ ಹಬ್ಬ. ಅಜ್ಮತ್ ಅವರ ಹೆಂಡತಿ ಜಹನಾರಾ ಎಲ್ಲರಿಗೂ ಖೀರು ಕೊಟ್ಟರು. ಹೂ ಮಾರುವ ಅಂಜಿನಮ್ಮ ಮೊಳಗಟ್ಟಲೆ ಸೇವಂತಿಗೆ ತಂದು ಕೊಟ್ಟರು. ಮುನಿರಾಜಪ್ಪ ಚಕ್ರಗಳ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟು ಅವುಗಳ ಮೇಲೆ ಲಾರಿ ಹತ್ತಿಸಿದರು. ಡ್ಯಾಶ್‌ಬೋರ್ಡಿಗೆ ಕೆಂಪು ಮಖಮಲ್ ಬಟ್ಟೆ ಹಾಸಿ, ಮೀಟರಿನ ಮುಂದೆ ಪ್ಲಾಸ್ಟಿಕ್ ಹೂವಿನ ಹಾರ ಇಳಿಬಿಟ್ಟರು. ಆಮೇಲೆ ಇಂಜಿನ್ ಆರಿಸಿ ಕೆಳಗಿಳಿದರು. ಒಂದು ದಪ್ಪ ಕಲ್ಲು ತಂದು ಮುಂದಿನ ಚಕ್ರಕ್ಕೆ ಅಡ್ಡ ಕೊಟ್ಟು ಟೀ ಕುಡಿಯಲು ಹೋದರು.

ಕಲ್ಲಿನ ವಿಷಯ ಹೇಳಬೇಕು. ಹಳೇ ಲಾರಿಯ ಹ್ಯಾಂಡ್ ಬ್ರೇಕ್ ಹಿಡಿಯುತ್ತಲೇ ಇರಲಿಲ್ಲ. ಎಲ್ಲಿ ನಿಲ್ಲಿಸಿದರೂ ಕಲ್ಲೇ ಬ್ರೇಕು. ಇಪ್ಪತ್ತಾರು ವರ್ಷದಲ್ಲಿ ಮುನಿರಾಜಪ್ಪನವರ ಕೈ ಹ್ಯಾಂಡ್ ಬ್ರೇಕನ್ನು ಮರೆತೇ ಬಿಟ್ಟಿತ್ತು. ಅಂದು ಸಂತೋಷದಲ್ಲಿ ಗೇರಿಗೂ ಹಾಕಲಿಲ್ಲ.

ಅಂಜಿನಮ್ಮನ ಹೂವಿನ ಜಾಗ ಲಾರಿಯಿಂದ ಕೆಳಗೆ, ಹತ್ತು ಮಾರು ದೂರ. ಗಾಳಿಗೆ ಆಕೆಯ ದೊಡ್ಡ ಛತ್ರಿ ಹಾರಿಹಾರಿ ಬೀಳುತ್ತಿತ್ತು. ಛತ್ರಿಯ ಹಗ್ಗ ಕಟ್ಟಲು ಭಾರದ್ದೇನಾದರೂ ಬೇಕು. ಚಕ್ರದ ಬಳಿ ಒಳ್ಳೆಯ ಕಲ್ಲು ಕಂಡಿತು. ಒದ್ದು ಸಡಿಲಿಸಿ, ಎತ್ತಿಕೊಂಡು ಹೋಗಿ, ಹಗ್ಗ ಕಟ್ಟಿ, ಹೂವಿಗೆ ನೀರು ತರಲು ನಲ್ಲಿಯ ಕಡೆ ಹೋದರು. ಚಕ್ರ ರಸ್ತೆಯ ಸಣ್ಣ ತಗ್ಗಿನಲ್ಲಿ ಕೂತಿದ್ದರಿಂದ ಲಾರಿ ಸ್ವಲ್ಪ ಹೊತ್ತು ಹಾಗೆಯೇ ನಿಂತಿತ್ತು. ಅಷ್ಟರಲ್ಲಿ ಕೂಲಿಯವರು ಕಬ್ಬಿಣದ ಕಂಬಗಳ ಕಟ್ಟೊಂದನ್ನು ಲಾರಿಯ ಹಿಂಭಾಗಕ್ಕೆ ಎಸೆದರು. ಆ ಕುಲುಕಿಗೆ ಲಾರಿ ಹೊರಟಿತು.

ಸದ್ದಿಲ್ಲ. ಅದೇ ಭಯ. ಹಸೆಮಣೆಗೆ ನಡೆಯುವ ಮದುಮಗಳ ಹಾಗೆ ಮೆಲ್ಲಗೆ, ತಲೆ ತಗ್ಗಿಸಿಕೊಂಡು ಇಳಿಯಿತು. ನಾವು ಕೂಗುವಷ್ಟರಲ್ಲಿ ಛತ್ರಿ ಬಿತ್ತು, ಹೂವಿನ ಬುಟ್ಟಿ ಉರುಳಿತು, ಅಂಜಿನಮ್ಮ ಕೂರುವ ಮರದ ಸ್ಟೂಲು ಚಕ್ರದ ಕೆಳಗೆ ಪಟ್ಟೆಂದು ಮುರಿಯಿತು. ನಾನು ಆಗಷ್ಟೇ ಕಲಾಯಿ ಹಾಕಿದ್ದ ಒಂದು ದೇಗ್ ಚಪ್ಪಟೆಯಾಯಿತು. ಕೊನೆಗೆ ಬಿಸಿಲಿಗೆ ಹಾಕಲು ಪೇರಿಸಿಟ್ಟಿದ್ದ ಮದುವೆ ಹಾಸಿಗೆಗಳ ರಾಶಿಗೆ ಮೂತಿ ಇಟ್ಟು ಲಾರಿ ನಿಂತಿತು.

ಯಾರಿಗೂ ಏನೂ ಆಗಲಿಲ್ಲ. ಆದರೆ ಹತ್ತು ನಿಮಿಷದ ಹಿಂದೆ ಅಂಜಿನಮ್ಮ ಆ ಸ್ಟೂಲಿನ ಮೇಲೆ ಕೂತು ಹೂ ಕಟ್ಟುತ್ತಿದ್ದರು.

ಮುನಿರಾಜಪ್ಪ ಟೀ ಲೋಟ ಹಿಡಿದುಕೊಂಡೇ ಓಡಿ ಬಂದರು. "ಯಾರ್ರೀ ಕಲ್ಲು ಎತ್ತಿದ್ದು?"

"ನಾನೇ ಕಣಪ್ಪಾ," ಎಂದರು ಅಂಜಿನಮ್ಮ. ಕೊಡದ ನೀರು ಸೀರೆಯ ಮೇಲೆ ತುಳುಕಿತ್ತು. "ಬಿಟ್ಟು ಹೋಗಿರೋ ಕಲ್ಲು ಅನ್ಕಂಡೆ. ಅದರ ಮೇಲೇನು ನಿನ್ ಹೆಸ್ರು ಬರೆದಿತ್ತಾ?"

"ಚಕ್ರದ ಕಲ್ಲು ಮುಟ್ಟಬಾರ್ದು ಅಂತ ಗೊತ್ತಾಗಲ್ವಾ ನಿಮ್ಗೆ?"

"ಅಷ್ಟು ದೊಡ್ಡ ಲಾರಿ, ಒಂದು ಹೂವಮ್ಮ ಎತ್ತೋ ಕಲ್ಲಿನ ಮೇಲೆ ನಿಂತಿರತ್ತೆ ಅಂತ ನಂಗೇನಪ್ಪಾ ಗೊತ್ತು!"

ಅಷ್ಟರಲ್ಲಿ ಜಹನಾರಾ ಮೆಟ್ಟಿಲಿಳಿದು ಬಂದರು. ಕೈಯಲ್ಲಿ ಲಾರಿ ಕಂಪನಿಯ ದಪ್ಪ ಪುಸ್ತಕ, ಲಾರಿ ನಡೆಸುವ ಕ್ರಮ ಬರೆದದ್ದು. ಅದು ಲಾರಿಗಿಂತ ಮೊದಲೇ ಅಂಚೆಯಲ್ಲಿ ಬಂದಿತ್ತು. ಆಕೆ ಮಧ್ಯಾಹ್ನ ಮಧ್ಯಾಹ್ನ ಕೂತು ಪೂರ್ತಿ ಓದಿದ್ದರು. ಸೈಕಲ್ಲನ್ನೂ ತುಳಿದವರಲ್ಲ.

"ಮುನಿರಾಜಣ್ಣ, ಹ್ಯಾಂಡ್ ಬ್ರೇಕ್ ಹಾಕಿದ್ರಾ?"

ಮುನಿರಾಜಪ್ಪ ಟೀ ಲೋಟದೊಳಗೆ ನೋಡಿದರು.

ಅಜ್ಮತ್ ಏನೂ ಬೈಯಲಿಲ್ಲ. ಕೈ ಚಾಚಿದರು. ಮುನಿರಾಜಪ್ಪ ಕೀಲಿ ಕೊಟ್ಟರು.

"ಗುರುವಾರ ಮಾಲು ಹೋಗ್ಲೇಬೇಕು ಅಣ್ಣ," ಎಂದರು ಅಜ್ಮತ್, ಹೆಂಡತಿಯ ಕಡೆ ತೋರಿಸುತ್ತಾ. "ನಾಳಿದ್ದು ಸಂಜೆ ಒಳಗೆ ಪುಸ್ತಕದಲ್ಲಿರೋದು ಕಲ್ತು, ಇವ್ಳು ಸರಿ ಅಂದ್ರೆ ಕೀಲಿ ನಿಮ್ದೇ. ಇಲ್ಲಾಂದ್ರೆ ಕೆಂಪರಾಜ್‌ನ ಕರೀತೀನಿ. ಬೇಜಾರ್ ಮಾಡ್ಕೋಬೇಡಿ."

ಕೆಂಪರಾಜ್ ಎಂದರೆ ಕೆ.ಆರ್. ಪುರದ ಬದಲಿ ಡ್ರೈವರ್. ಆ ಹೆಸರು ಕೇಳಿ ಮುನಿರಾಜಪ್ಪನವರ ಮುಖ ಸಣ್ಣದಾಯಿತು. ಆದರೂ ಜಂಬ ಬಿಡಲಿಲ್ಲ. "ಸ್ಟೀರಿಂಗ್ ಹಿಡೀದವ್ರು ನಂಗೆ ಪಾಠ ಹೇಳೋದಾ ಭಾಯ್?" ಎಂದು ಟವೆಲ್ ಕೊಡವಿ ಹೊರಟೇ ಹೋದರು.

ಮಂಗಳವಾರ ಬೆಳಿಗ್ಗೆ ಅವರು ಬಂದು ನನ್ನ ಒಲೆಯ ಪಕ್ಕ ಕೂತರು. ನಾನು ತಿದಿ ಒತ್ತುತ್ತಾ ಇದ್ದೆ. ಒತ್ತುತ್ತಲೇ ಒಂದು ಮಾತು ಹೇಳಿದೆ. ನನ್ನ ಜೊತೆ ಕಲಾಯಿ ಹಾಕುತ್ತಿದ್ದ ದಸ್ತಗೀರ್ ಒಂದು ಸಂಜೆ ಹಳೇ ಮದ್ರಾಸ್ ರಸ್ತೆಯಲ್ಲಿ ಸೈಕಲ್ ಮೇಲೆ ಮನೆಗೆ ಹೋಗುತ್ತಿದ್ದ. ಕೆಟ್ಟು ನಿಂತ ಲಾರಿಗೆ ಹಿಂದಿನ ದೀಪವಿರಲಿಲ್ಲ. ಒಂದು ಸೊಪ್ಪಿನ ಕೊಂಬೆ ಮುರಿದು ಹಿಂದೆ ಹಾಕಿದ್ದರು. ಕತ್ತಲಲ್ಲಿ ಕೊಂಬೆಯೂ ಕತ್ತಲೇ. ಅವನ ಸೈಕಲ್ ಹೋಗಿ ಲಾರಿಗೆ ಗುದ್ದಿತು. ಅವನು ಬದುಕಿದ. ಆದರೆ ಬಲಗೈ ಮತ್ತೆ ಇಕ್ಕಳ ಹಿಡಿಯಲಿಲ್ಲ. ಆ ಡ್ರೈವರ್ ಕೆಟ್ಟವನಲ್ಲ, ಆಸ್ಪತ್ರೆಗೆ ಬಂದು ಮೂರು ದಿನ ಅತ್ತ.

ಮುನಿರಾಜಪ್ಪ ಎದ್ದು ಹೋದರು. ಮಧ್ಯಾಹ್ನ ಶಿವಾಜಿನಗರದಿಂದ ಒಂದು ಹೊಸ ಸ್ಟೂಲು ಹೆಗಲ ಮೇಲೆ ಹೊತ್ತು ತಂದು ಅಂಜಿನಮ್ಮನ ಮುಂದೆ ಇಟ್ಟರು.

"ಇದೇನಪ್ಪಾ?"

"ಕೂತ್ಕೊಳಿ."

ಅಂಜಿನಮ್ಮ ಕೂತು ಅತ್ತಿತ್ತ ಅಲುಗಾಡಿ ನೋಡಿದರು. "ಹಳೇದಕ್ಕಿಂತ ಚೆನ್ನಾಗೈತೆ. ನಿನ್ನ ಲಾರಿ ಆಗಾಗ ಬರ್ಲಿ ಬಿಡು."

ಮುನಿರಾಜಪ್ಪನವರಿಗೂ ನಗು ಬಂತು. ನೇರ ಗೋಡೌನಿಗೆ ಹೋಗಿ, "ಭಾಬಿ, ಆ ಪುಸ್ತಕ ತೆಗೀರಿ," ಎಂದರು.

"ನಾನು ಓದ್ತೀನಿ, ನೀವು ಮಾಡಿ," ಎಂದರು ಜಹನಾರಾ. "ಲಾರಿ ನಂಗೆ ಬರಲ್ಲ. ಅಕ್ಷರ ಬರತ್ತೆ."

ಲಾರಿ ಹತ್ತಿ ಕೂತು ಮೊದಲು ಮೀಟರಿನ ಮುಂದಿನ ಹಾರ ತೆಗೆಸಿದರು. "ದೇವ್ರ ಅಲಂಕಾರ ಭಾಬಿ!" ಎಂದು ಮುನಿರಾಜಪ್ಪ ತಡೆದರು. "ದೇವ್ರು ಮೇಲಿಂದ ನೋಡ್ತಾನೆ. ನೀವು ಮೀಟರ್ ನೋಡ್ಬೇಕಲ್ಲ?" ಎಂದರು ಆಕೆ. ಹಾರ ಸರಿಸಿದಾಗ ಅದರ ಹಿಂದೆ ಸಾಲು ಸಾಲು ಸಣ್ಣ ದೀಪಗಳು ಕಂಡವು.

"ಕೀಲಿ ತಿರುಗ್ಸಿ. ಈಗ ಎಲ್ಲ ಒಂದ್ಸಲ ಹತ್ಕೋಬೇಕು. ಹತ್ತದಿದ್ರೆ ಆ ದೀಪವೇ ಕೆಟ್ಟಿದೆ ಅಂತ. ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತಿಗೆ ಆರ್ಬೇಕು. ಕೆಂಪು ಆರ್ಲಿಲ್ಲ ಅಂದ್ರೆ?"

"ಹೊರಡೋ ಹಾಗಿಲ್ಲ."

"ದಾರೀಲಿ ಕೆಂಪು ಹತ್ತಿದ್ರೆ?"

"ಪಕ್ಕಕ್ಕೆ ನಿಲ್ಸಬೇಕು."

"ಹೌ, ಅದೇ ಸರಿ. ಹಳದಿ ಹತ್ತಿದ್ರೆ ಬೇಗ ಮೆಕ್ಯಾನಿಕ್‌ಗೆ ತೋರಿಸ್ಬೇಕು. ಈ ನೀಲಿ ಏನು?"

ಮುನಿರಾಜಪ್ಪ ಯೋಚಿಸಿದರು. "ಅದು ಡೆಕೋರೇಷನ್ನು."

ಜಹನಾರಾ ಸೆರಗು ಬಾಯಿಗಿಟ್ಟು ನಕ್ಕರು. "ನೀಲಿ ಹತ್ತಿದ್ರೆ ನಿಮ್ಮ ಹೈ ಬೀಮ್ ಎದುರಿನವ್ರ ಕಣ್ಣಿಗೆ ಹೊಡೀತಾ ಇದೆ ಅಂತ ಅಣ್ಣ. ಎದುರು ಗಾಡಿ ಬಂದ್ರೆ ಡಿಮ್ ಮಾಡಿ, ನೀಲಿ ಆರತ್ತೆ. ಸರಿ, ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಯಾವಾಗ ಹಾಕ್ತೀರಿ?"

"ಇದು ಗೊತ್ತು!" ಎಂದರು ಮುನಿರಾಜಪ್ಪ. "ಸರ್ಕಲ್‌ನಲ್ಲಿ ನೇರ ಹೋಗೋವಾಗ. ಎಲ್ಲ ಲಾರಿಯವ್ರೂ ಅಷ್ಟೇ."

"ನಕ್ಕೋ ಅಣ್ಣ, ನಕ್ಕೋ! ಹಾಗೆ ಬೇಡವೇ ಬೇಡ! ನಿಮ್ಮ ಎಡಗಡೆ ಇರೋ ಬೈಕ್‌ನವ್ನಿಗೆ ಎಡಗಡೆ ದೀಪ ಮಾತ್ರ ಕಾಣತ್ತೆ. ಲಾರಿ ಎಡಕ್ಕೆ ತಿರುಗತ್ತೆ ಅನ್ಕೋತಾನೆ. ಬಲಗಡೆಯವ್ನು ಬಲಕ್ಕೆ ಅನ್ಕೋತಾನೆ. ಇಬ್ಬರನ್ನೂ ಒಟ್ಟಿಗೆ ಗಾಬರಿ ಮಾಡ್ತೀರಿ."

"ಹಾಗಾದ್ರೆ ನೇರ ಹೋಗೋಕೆ ಯಾವ ದೀಪ?"

"ಯಾವ್ದೂ ಬೇಡ. ನೇರ ಹೋದ್ರೆ ಸಾಕು."

ಮುನಿರಾಜಪ್ಪ ಸ್ವಿಚ್ಚಿನಿಂದ ಕೈ ತೆಗೆದು, "ಇಪ್ಪತ್ತಾರು ವರ್ಷ ಸುಮ್ನೆ ಸ್ವಿಚ್ ಸವೆಸಿದೆನಲ್ಲ," ಎಂದರು.

ನಾಲ್ಕೂ ದೀಪ ಹಾಕುವುದು ಲಾರಿ ಕೆಟ್ಟು ರಸ್ತೆಯಲ್ಲಿ ನಿಂತಾಗ. ಜೊತೆಗೆ ಲಾರಿಯಲ್ಲೇ ಬಂದಿರುವ ಕೆಂಪು ತ್ರಿಕೋನವನ್ನು ಹಿಂದೆ ದೂರದಲ್ಲಿ, ಬರುವವರಿಗೆ ಮೊದಲೇ ಕಾಣುವ ಹಾಗೆ ಇಡಬೇಕು. ಕೊಂಬೆಯಲ್ಲ. ಇದನ್ನು ಜಹನಾರಾ ಓದುವಾಗ ಮುನಿರಾಜಪ್ಪ ನನ್ನ ಕಡೆ ನೋಡಿದರು.

ಬುಧವಾರ ಸಂಜೆ ಪರೀಕ್ಷೆ. ಬೀದಿಯ ಅರ್ಧ ಜನ ಸೇರಿದ್ದರು. ಅಂಜಿನಮ್ಮನಿಗೂ ಒಂದು ಕೆಲಸ ಕೊಟ್ಟಿದ್ದರು: ಲಾರಿಯ ಹಿಂದೆ ಒಂದು ಬದಿಗೆ ನಿಂತು ಯಾವ ದೀಪ ಹತ್ತಿತು ಎಂದು ಕೂಗುವುದು. ಆಕೆ ಮೊದಲು ಸೆರಗಿನಿಂದ ಹಿಂದಿನ ದೀಪಗಳನ್ನೂ ಹೊಳೆಯುವ ಕೆಂಪು ಪಟ್ಟಿಯನ್ನೂ ಒರೆಸಿದರು.

"ಬ್ರೇಕು!" ಎಂದು ಮುನಿರಾಜಪ್ಪ ತುಳಿದರು.

"ಎರಡೂ ಕೆಂಪು ಬಂತು!"

"ಎಡ!"

"ಮಿಣಮಿಣ ಅಂತೈತೆ!"

"ರಿವರ್ಸು!"

"ಬೆಳ್ಳಗೆ ಬಂತಪ್ಪ, ಪೀ ಪೀ ಅಂತಾನೂ ಅಂತೈತೆ. ನಾನು ಸರ್ಕೊಂಡೆ, ನನ್ನ ಸ್ಟೂಲೂ ಸರ್ಸಿದೆ!"

ಜನ ಬಿದ್ದು ಬಿದ್ದು ನಕ್ಕರು.

ಆಮೇಲೆ ಇಳಿಜಾರಿನಲ್ಲಿ ನಿಲ್ಲಿಸುವುದು. ಮುನಿರಾಜಪ್ಪ ಇಂಜಿನ್ ಆರಿಸಿ ಮತ್ತೆ ಸ್ಟಾರ್ಟ್ ಮಾಡಿದರು, ಆದರೆ ಹೊರಡಲಿಲ್ಲ. ಕೂಲಿಯವರಲ್ಲೊಬ್ಬ, "ಗುರು, ಮುಹೂರ್ತ ನೋಡ್ತಾ ಇದೀಯಾ?" ಎಂದು ರೇಗಿಸಿದ. "ಇರಪ್ಪಾ, ಬ್ರೇಕಿನ ಗಾಳಿ ತುಂಬ್ಕೋಬೇಕು. ಈ ಮೀಟರ್ ಮುಳ್ಳು ಮೇಲೆ ಬಂದು ಕೆಂಪು ಆರೋವರ್ಗೂ ಅಲುಗಾಡಲ್ಲ," ಎಂದರು ಮುನಿರಾಜಪ್ಪ. ಕೆಂಪು ಆರಿತು. ಹ್ಯಾಂಡ್ ಬ್ರೇಕ್ ಬಿಟ್ಟು ಮೆಲ್ಲಗೆ ನಾಲ್ಕು ಮಾರು ಇಳಿಸಿ, ಕಾಲ ಬ್ರೇಕಿನಲ್ಲಿ ನಿಲ್ಲಿಸಿದರು. ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದರು. ಉಸ್ ಎಂದು ಗಾಳಿ ಬಿಟ್ಟ ಸದ್ದು ಬೀದಿಗೆಲ್ಲ ಕೇಳಿತು. ಮೀಟರಿನಲ್ಲಿ ಹ್ಯಾಂಡ್ ಬ್ರೇಕಿನ ಕೆಂಪು ದೀಪ ಹತ್ತಿತು. ಕಾಲನ್ನು ನಿಧಾನವಾಗಿ ಎತ್ತಿ ಲಾರಿ ಜಾರುವುದಿಲ್ಲ ಎಂದು ನೋಡಿಕೊಂಡರು. ಮುಂದಿನ ಚಕ್ರ ಫುಟ್‌ಪಾತಿನ ಕಡೆ ತಿರುಗಿಸಿದ್ದರು. ಇಂಜಿನ್ ಆರಿಸಿ, ಮೂತಿ ಇಳಿಜಾರಿಗೆ ಇದ್ದುದರಿಂದ ರಿವರ್ಸ್ ಗೇರಿಗೆ ಹಾಕಿದರು. ಕೀಲಿ ತೆಗೆದುಕೊಂಡು ಇಳಿದರು.

ಜಹನಾರಾ ಒಂದು ಲೋಟ ಟೀ ತಂದು ಚಕ್ರದಿಂದ ಗೇಣುದ್ದ ಮುಂದೆ, ನೆಲದ ಮೇಲೆ ಇಟ್ಟರು. ಉಳಿದವರಿಗೂ ಟೀ ಬಂತು. ಕುಡಿದೆವು. ಕೂಲಿಯವರು ಲಾರಿಗೆ ಕಂಬಗಳನ್ನು ತುಂಬಿಸಿದರು. ದೇಗ್‌ಗಳನ್ನು ತುಂಬಿಸಿದರು. ಲಾರಿ ಕುಲುಕಿತು, ಆದರೆ ಮುಂದೆ ಬರಲಿಲ್ಲ. ಲೋಟದಲ್ಲಿ ಕೆನೆ ಕಟ್ಟಿತು.

"ಇನ್ಮೇಲೆ ಕಲ್ಲು ಇಡಲೇಬಾರ್ದಾ ಭಾಬಿ?" ಎಂದು ಮುನಿರಾಜಪ್ಪ ಕೇಳಿದರು.

"ಬ್ರೇಕು ಹಾಕಿದ ಮೇಲೆ ಮರದ ತುಂಡು ಇಡಿ, ಬೇಡ ಅಂದೋರ್ಯಾರು? ಹೊರಡೋವಾಗ ಎತ್ತಿ ಲಾರಿಗೆ ಹಾಕ್ಕೊಳಿ. ರಸ್ತೇಲಿ ಕಲ್ಲು ಬಿಟ್ಟು ಹೋದ್ರೆ ಹಿಂದೆ ಬರೋ ಸ್ಕೂಟರ್‌ನವ್ರ ಗತಿ? ಸರಿ, ಕೊನೇ ಪ್ರಶ್ನೆ. ಮಂಜಿನಲ್ಲಿ ಯಾವ ದೀಪ?"

"ಡಿಮ್. ಹೈ ಬೀಮ್ ಹಾಕಿದ್ರೆ ಮುಂದೆ ಬಿಳೀ ಗೋಡೆ ಎದ್ದು ನಿಲ್ಲತ್ತೆ, ಏನೂ ಕಾಣಲ್ಲ."

ಜಹನಾರಾ ಹುಬ್ಬೇರಿಸಿದರು. "ಇದನ್ನ ನಾನು ಇನ್ನೂ ಓದಿ ಹೇಳೇ ಇಲ್ಲ!"

"ಪುಸ್ತಕ ನೋಡಿಲ್ಲ ಭಾಬಿ. ಹೊಸಕೋಟೆ ಮಂಜು ನೋಡಿದೀನಿ."

ಆಕೆ ಪುಸ್ತಕ ಮುಚ್ಚಿ ಗಂಡನ ಕಡೆ ತಿರುಗಿ, "ಸರಿ," ಎಂದರು. ಅಜ್ಮತ್ ಜೇಬಿಗೆ ಕೈ ಹಾಕಿ, "ಕೀಲಿ ನಿಮ್ಮತ್ರಾನೇ ಇದೆಯಲ್ಲ ಅಣ್ಣ, ಮತ್ತೇನು ಕೊಡ್ಲಿ?" ಎಂದರು. ಪರೀಕ್ಷೆಗೆಂದು ಕೊಟ್ಟಿದ್ದ ಕೀಲಿ ಮುನಿರಾಜಪ್ಪನವರ ಮುಷ್ಟಿಯಲ್ಲೇ ಇತ್ತು. ಅವರು ಅದನ್ನು ಕಣ್ಣಿಗೊತ್ತಿಕೊಂಡರು.

ಲಾರಿ ಓಡಿಸುವ ಅಣ್ಣಂದಿರೇ, ಅಕ್ಕಂದಿರೇ, ನಿಮಗೆ ನನ್ನದೊಂದು ಕೋರಿಕೆ. ಇಂದು ಗಾಡಿ ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಎಳೆಯಿರಿ. ಅದು ಹಿಡಿಯದಿದ್ದರೆ ನಾಳೆ ನೋಡೋಣ ಎನ್ನಬೇಡಿ, ರಿಪೇರಿ ಮಾಡಿಸಿಯೇ ಹೊರಡಿ. ಮೀಟರಿನ ಮುಂದೆ ಏನನ್ನೂ ನೇತುಹಾಕಬೇಡಿ. ಹೊರಡುವ ಮೊದಲು ಯಾರನ್ನಾದರೂ ಹಿಂದೆ ಒಂದು ಬದಿಗೆ ನಿಲ್ಲಿಸಿ ದೀಪ ನೋಡಿಸಿ. ಲಾರಿ ಇಟ್ಟಿರುವ ಯಜಮಾನರೇ, ಆ ಪುಸ್ತಕವನ್ನು ಬೀರುವಿನಲ್ಲಿ ಇಡಬೇಡಿ. ಮನೆಯಲ್ಲಿ ಓದು ಬಲ್ಲವರು ಓದಿ ಹೇಳಲಿ. ಬೀದಿಯಲ್ಲಿರುವ ನಾವೂ ಅಷ್ಟೇ, ನಿಂತ ಲಾರಿಯ ಚಕ್ರದ ಬಳಿ ಕೈ ಹಾಕುವುದು ಬೇಡ, ಅದರ ಮುಂದೆ ಕೂರುವುದೂ ಬೇಡ. ನಾನು ಓದಿದವನಲ್ಲ. ಇಷ್ಟು ಮಾತ್ರ ನೋಡಿ ತಿಳಿದೆ: ಕಲಿಯಲು ವಯಸ್ಸು ಅಡ್ಡ ಬರುವುದಿಲ್ಲ, ಜಂಬ ಅಡ್ಡ ಬರುತ್ತದೆ.

ಮುಳಬಾಗಿಲಿನ ಮದುಮಗಳ ತಾಯಿ ಜಹನಾರಾ ಅವರ ಗೆಳತಿ. "ನಾನೂ ಲಾರಿಯಲ್ಲೇ ಬರ್ತೀನಿ, ಮುನಿರಾಜಣ್ಣ ಓಡಿಸಿದ್ರೆ ಭಯ ಇಲ್ಲ," ಎಂದು ಜಹನಾರಾ ಹಟ ಹಿಡಿದರು. ಗುರುವಾರ ಬೆಳಗಿನ ಐದೂವರೆಗೆ, ಸೀಟ್ ಬೆಲ್ಟ್ ಹಾಕಿಕೊಂಡು ಇಬ್ಬರೂ ಹೊರಟರು.