ಮೋರಿ ಸಾನ್ ಹೇಳಿದ ವಾರ

ಎರಡು ತಿಂಗಳ ಮಟ್ಟಿಗೆಂದು ಮಗಳ ಮನೆಗೆ ಬಂದವಳು ನಾನು. ಕೊರೊನಾ ಬಂತು, ವರ್ಷ ತುಂಬುತ್ತಾ ಬಂದರೂ ಜಪಾನಿನ ಕಾವಾಸಾಕಿಯ ಈ ಐದನೇ ಮಹಡಿಯಲ್ಲೇ ಇದ್ದೇನೆ. ನನಗೆ ಸಕ್ಕರೆ ಕಾಯಿಲೆಯೆಂದು ಶುಭಾ ವಿಮಾನದ ಮಾತೆತ್ತಲೂ ಬಿಡಳು, ಕೆಳಗಿನ ಕೊಂಬಿನಿ ಅಂಗಡಿಗೂ ಕಳಿಸಳು. ಬಾಲ್ಕನಿಯೇ ನನ್ನ ಊರು, ಕೇರಿ ಎಲ್ಲ.

ಅಲ್ಲಿ ಮೊಮ್ಮಗಳು ಶ್ರೀರಕ್ಷಾಳ ಟ್ಯುಲಿಪ್ ಕುಂಡವಿತ್ತು. ಒಂದನೇ ಕ್ಲಾಸಿನವರೆಲ್ಲ ಗಡ್ಡೆ ನೆಟ್ಟು ಹೂ ಬಿಡಿಸಿ, ಏಪ್ರಿಲ್‌ನಲ್ಲಿ ಶಾಲೆಗೆ ಸೇರುವ ಹೊಸ ಮಕ್ಕಳ ಸ್ವಾಗತಕ್ಕೆ ಒಯ್ಯಬೇಕಂತೆ. ಮಗುವಿಗೆ ಅದೇ ಧ್ಯಾನ. ನೋಡಿದರೆ, ಹಾಳು ಗಡ್ಡೆ ಜನವರಿಯಲ್ಲೇ ಮೊಳಕೆಯೊಡೆದು ಕೂತಿದೆ! ನೀರು ಹೆಪ್ಪುಗಟ್ಟುವ ಚಳಿ. ಏಪ್ರಿಲ್‌ವರೆಗೆ ಅದು ಉಳಿಯುವುದುಂಟೇ?

ಪಕ್ಕದ ಮನೆಯಾಕೆ ಅವರ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಹೆಸರು ಮೋರಿ ಸಾನ್. ಏನು ಮಾಡುವುದು, ಇಲ್ಲಿ ಮೋರಿ ಎನ್ನುವುದು ಮರ್ಯಾದಸ್ಥರ ಹೆಸರೇ; ಸಾನ್ ಅಂದರೆ ನಮ್ಮ 'ಅವರು' ಇದ್ದಂತೆ. ಕುಂಡ ತೋರಿಸಿ, ಗಡಗಡ ನಡುಗಿ ತೋರಿಸಿದೆ. ಆಕೆ ಮಾಸ್ಕಿನೊಳಗಿಂದ, "ವಾರ, ವಾರ" ಎಂದರು. ಅಯ್ಯೋ ನನ್ನಮ್ಮಾ, ಕನ್ನಡ! ಅಳಿಯ ಉದಯ್ ಹೇಳಿಕೊಟ್ಟಿರಬೇಕೆಂದು ಹಿಗ್ಗಿಹೋದೆ. ಒಂದು ವಾರ ಒಳಗಿಡಬೇಕು, ಅಷ್ಟೇ ತಾನೇ? ಕುಂಡವನ್ನು ನನ್ನ ಕೋಣೆಯ ಹೀಟರಿನ ಪಕ್ಕ ಇಟ್ಟೆ.

ವಾರದಲ್ಲಿ ಮೊಳಕೆ ಬಿಳಿಚಿಕೊಂಡು ಉದ್ದುದ್ದ ಬೆಳೆದು ಬಾಗಿಬಿಟ್ಟಿತು. ಶ್ರೀರಕ್ಷಾ ಗೋಳೋ ಎಂದು ಅತ್ತಳು. ಅಳು ಕೇಳಿ ಮೋರಿ ಸಾನ್ ಒಂದು ಹಿಡಿ ಒಣಹುಲ್ಲು ಹಿಡಿದು ಬಾಗಿಲಿಗೇ ಬಂದರು. ಅವರೊಂದಿಗೆ ಮಾತಾಡಿದ ಶುಭಾ ನಗಲು ಶುರುಮಾಡಿದಳು.

"ಅಮ್ಮಾ, ಜ್ಯಾಪನೀಸಲ್ಲಿ ವಾರ ಅಂದ್ರೆ ಒಣಹುಲ್ಲು ಕಣಮ್ಮಾ! ಮಣ್ಣಿನ ಮೇಲೆ ಹುಲ್ಲು ಹೊದ್ಸಿ ಹೊರಗೇ ಬಿಡಿ ಅಂದಿದ್ರಂತೆ."

"ಈ ಚಳೀಲಿ ಸತ್ತುಹೋಗಲ್ವೇನೇ?"

"ಇಲ್ವಂತೆ. ಚಳಿ ತಿಂದ್ರೇನೇ ಹೂ ಬಿಡೋದಂತೆ. ಹೀಗೆ ಬೆಚ್ಚಗೆ ಒಳಗೇ ಕೂಡಿಹಾಕಿದ್ರೆ ಹಾಳಾಗತ್ತಂತೆ. ಈಗ್ಲೂ ಲೇಟ್ ಆಗಿಲ್ಲ, ಹೊರಗಿಡೋಣ."

"ಏನಂದೆ? ಒಳಗೇ ಕೂಡಿಹಾಕಿದ್ರೆ ಏನಾಗತ್ತೆ? ಇನ್ನೊಂದ್ಸಲ ಹೇಳು."

ಶುಭಾಳ ನಗು ನಿಂತಿತು. ಕಣ್ಣಲ್ಲಿ ನೀರು ಬಂತು. "ನಂಗೆ ಭಯ ಅಮ್ಮಾ," ಎಂದಳು. ನನಗೆ ಕೋಪವೂ ಬಂತು, ಕರುಳೂ ಚುರುಕ್ಕೆಂದಿತು. ಕುಂಡ ಎತ್ತಿಕೊಂಡು ಬಾಲ್ಕನಿಗೆ ನಡೆದೆ.

ಶ್ರೀರಕ್ಷಾ ಹಿಂದೆಯೇ ಬಂದು ಹುಲ್ಲು ಹೊದಿಸಿದಳು. ನಾನೆಷ್ಟು ಗಿಣಿಗೆ ಹೇಳಿದಂತೆ ಹೇಳಿದರೂ ಜಪಾನಿಯಲ್ಲೇ ಉತ್ತರ ಕೊಡುವ ಹುಡುಗಿ, ಅವಳಮ್ಮನದೇ ದನಿಯಲ್ಲಿ, "ಅಜ್ಜಿ, ಚಳಿ. ಹೊರಗೆ ಬೇಡ, ಒಳಗೆ ಬಾ," ಎಂದು ಅಚ್ಚ ಕನ್ನಡದಲ್ಲಿ ಹೇಳಿದಳು. ಕೈಹಿಡಿದು ನನ್ನನ್ನು ಒಳಗೆಳೆದುಕೊಂಡು, ಗಾಜಿನ ಬಾಗಿಲು ಮುಚ್ಚಿದಳು.