ಜಾಲಿಯ ಬೆಣೆ

ಕೈಗೆ ಸಿಕ್ಕಿದ್ದು ಮರ. ಸದಾನಂದ ಬೆರಳುಗಳನ್ನು ಇನ್ನೊಮ್ಮೆ ಸಂದಿಯೊಳಗೆ ತೂರಿಸಿ ಮುಟ್ಟಿ ನೋಡಿದ. ಮೋಟಾರಿನ ಹಲ್ಲುಚಕ್ರಕ್ಕೂ ಮುಚ್ಚಳದ ತೋಳಿಗೂ ನಡುವೆ, ಗ್ರೀಸು ಬಿಟ್ಟರೆ ಬೇರೇನೂ ಇರಬಾರದ ಜಾಗದಲ್ಲಿ, ಮರದ ತುಂಡೊಂದು ಬಿಗಿಯಾಗಿ ಕೂತಿತ್ತು. ಅವನು ಬರೆದ ಇನ್ನೂರ ಹನ್ನೆರಡು ನಕ್ಷೆಗಳಲ್ಲಿ ಎಲ್ಲಿಯೂ ಮರ ಇರಲಿಲ್ಲ.

ಯುದ್ಧಟ್ಯಾಂಕಿನ ಮೂತಿಯ ಮೇಲೆ ಅವನು ಬೋರಲಾಗಿ ಮಲಗಿದ್ದ. ಬೆಳಗಿನ ಎಂಟು ಗಂಟೆ, ಮೇ ತಿಂಗಳು. ಮದ್ರಾಸು ಹೆಸರು ಬದಲಿಸಿಕೊಂಡು ಚೆನ್ನೈ ಆಗಿ ಆರು ವರ್ಷವಾಗಿದ್ದರೂ ಬಿಸಿಲು ಹಳೆಯದೇ ಇತ್ತು. ಶರ್ಟಿನ ಮೂಲಕ ಉಕ್ಕು ಸುಡುತ್ತಿತ್ತು. ಹನ್ನೊಂದಕ್ಕೆ ದೆಹಲಿಯ ಸಮಿತಿ ಬರುವುದಿತ್ತು. ಅವರು ಒಂದು ಸಲ ನೋಡಿ ಒಪ್ಪಿದರೆ ಅವನ ಮುಚ್ಚಳ ಮುನ್ನೂರು ಟ್ಯಾಂಕುಗಳಿಗೆ ಹೋಗುತ್ತದೆ. ಒಪ್ಪದಿದ್ದರೆ ಹದಿನಾಲ್ಕು ವರ್ಷದ ದುಡಿಮೆ ಉಗ್ರಾಣಕ್ಕೆ ಹೋಗುತ್ತದೆ.

ಹಳೆಯ ಟ್ಯಾಂಕುಗಳಲ್ಲಿ ಚಾಲಕ ತಲೆಯ ಮೇಲಿನ ಮುಚ್ಚಳವನ್ನು ತಾನೇ ಎಳೆದು ಚಿಲಕ ಹಾಕಿಕೊಳ್ಳಬೇಕು. ಸದಾನಂದನ ಮುಚ್ಚಳಕ್ಕೆ ಚಾಲಕ ಬೇಕಿಲ್ಲ. ಫಿರಂಗಿ ಚಾಲಕನ ಕಡೆ ತಿರುಗಿದ್ದನ್ನು ತಾನೇ ಅರಿತು, ಅವನ ಸೀಟನ್ನು ಕೆಳಗಿಳಿಸಿ, ಎರಡು ಸೆಕೆಂಡಿನಲ್ಲಿ ಮುಚ್ಚಿಕೊಳ್ಳುತ್ತದೆ. ಒಂದು ಮೋಟಾರು, ಹನ್ನೊಂದು ಸೆನ್ಸರು, ಎರಡು ಕಂಪ್ಯೂಟರು. ಹದಿನೆಂಟು ತಿಂಗಳ ಪರೀಕ್ಷೆಯಲ್ಲಿ ಅದು ಸಾವಿರದ ನೂರ ನಲವತ್ತು ಸಲ ಮುಚ್ಚಿ ತೆರೆದಿತ್ತು. ದೋಷ ಸೊನ್ನೆ. ಆ ಸೊನ್ನೆಯ ಮೇಲೆ ಅವನು ಪ್ರಬಂಧ ಓದಿದ್ದ, ಫಲಕ ಪಡೆದಿದ್ದ, ಬಡ್ತಿ ಪಡೆದು ಹೊಸ ಕಾರು ಕೊಂಡಿದ್ದ.

“ಇದೇನು ಅಂದಾನಿ?”

ಕೆಳಗೆ ಟೀ ಲೋಟ ಹಿಡಿದು ನಿಂತಿದ್ದ ಹವಾಲ್ದಾರ್ ಅಂದಾನಿ ಕತ್ತೆತ್ತಿದ. ಮಳವಳ್ಳಿ ಕಡೆಯವನು, ಈ ಟ್ಯಾಂಕಿನ ಪರೀಕ್ಷಾ ಚಾಲಕ, ನಿವೃತ್ತಿಗೆ ಒಂದು ವರ್ಷ ಬಾಕಿ ಇದ್ದವನು. ಸಿಕ್ಕಿಬಿದ್ದ ಅಳುಕು ಅವನ ಮುಖದಲ್ಲಿ ಕಾಣಲಿಲ್ಲ.

“ಬೆಣೆ ಸಾ. ಗುದ್ದಲಿ ಕಾವಿಗೆ ಹೊಡೀತೀವಲ್ಲ, ಅಂಥದ್ದೇಯ. ಜಾಲೀದು. ಊರಿಂದ ತಂದಿದ್ದೆ.”

“ಇಲ್ಲಿ ಯಾಕೆ?”

“ಅದಿಲ್ದಿದ್ರೆ ಮೋಟ್ರು ಮುಚ್ಚಳಾನ ಹಿಡ್ಕೊಬುಡ್ತದೆ. ಬಿಸ್ಲೇರಿದ್ರೆ ಅದ್ಕೆ ತಲೆ ಕೆಡ್ತದೆ ಸಾ. ತಾನೇ ಮುಚ್ಕೊಳ್ಳೋದು, ತಾನೇ ತಕ್ಕೊಳ್ಳೋದು. ಶುರುವಲ್ಲಿ ನನ್ನ ಹೆಲ್ಮೆಟ್ಟು ಸೀಳ್ತಲ್ಲ, ಬರ್ದುಕೊಟ್ಟಿದ್ನಲ್ಲ.”

“ಅದಕ್ಕೆ ಇನ್ನೊಂದು ಸೆನ್ಸರ್ ಹಾಕಿದೆವಲ್ಲ.”

“ಹಾಕಿದ್ರಿ ಸಾ. ಅದಾದ್ಮೇಲೇನೆ ನಾನು ಬೆಣೆ ಹಾಕಿದ್ದು.”

ಸದಾನಂದ ಸಂದಿಯೊಳಗೆ ಮತ್ತೆ ಬೆರಳಾಡಿಸಿದ. ಬೆಣೆ ಇದ್ದರೆ ಹಲ್ಲುಚಕ್ರ ತೋಳಿಗೆ ತಾಗದೆ ಮೋಟಾರು ಬರಿದೇ ತಿರುಗುತ್ತದೆ. ಮುಚ್ಚಳಕ್ಕೂ ಅದಕ್ಕೂ ಸಂಬಂಧವೇ ಇರುವುದಿಲ್ಲ.

“ಹಾಗಾದರೆ ಇಷ್ಟು ದಿನ ಮುಚ್ಚುತ್ತಿದ್ದದ್ದು ಯಾರು?”

ಅಂದಾನಿ ಎಡಗೈ ಎತ್ತಿ ತೋರಿಸಿದ. “ನಾನೇಯ. ಒಳ್ಗಡೆ ಹಿಡಿ ಇಲ್ವಲ್ಲ, ಅಂಚು ಹಿಡ್ದು ಎಳೀತೀನಿ. ಕೊನೇಲಿ ಬೆರಳು ತಕ್ಕೊತೀನಿ. ಅಭ್ಯಾಸ ಆಗೋಗದೆ.”

ಹಿಡಿ ತೆಗೆಸಿದ್ದು ಸದಾನಂದನೇ. ತಾನಾಗಿ ಮುಚ್ಚಿಕೊಳ್ಳುವ ಮುಚ್ಚಳಕ್ಕೆ ಹಿಡಿ ಯಾಕೆ ಎಂದು ಒಂದು ಸಭೆಯಲ್ಲಿ ಕೇಳಿ ಎಲ್ಲರನ್ನೂ ನಗಿಸಿದ್ದ. ಆರುನೂರು ಗ್ರಾಂ ಉಳಿದಿತ್ತು.

“ಯಾರಿಗೆ ಗೊತ್ತು ಇದು?”

“ಯಾರ್ಗೂ ಇಲ್ಲ. ಕನ್ನಡದೋರು ಅಂತ ನಿಮ್ಗೆ ಹೇಳ್ತಿವ್ನಿ. ನಿಮ್ಮ ಮರ್ಯಾದೆ ಹೋಗ್ಬಾರ್ದಲ್ಲ ಸಾ.”

ಮುಚ್ಚಳ ಕೆಟ್ಟದ್ದೆಂದು ಕೇಳಿದ್ದರೆ ಸದಾನಂದ ಸಹಿಸುತ್ತಿದ್ದ. ಕೆಟ್ಟದ್ದನ್ನು ಸರಿಪಡಿಸುವುದು ಅವನ ಕೆಲಸ, ಅದಕ್ಕೆ ಸಂಬಳವಿದೆ. ಆದರೆ ಎಸ್ಸೆಸ್ಸೆಲ್ಸಿ ದಾಟದ ಒಬ್ಬ ಹವಾಲ್ದಾರ ಹದಿನೆಂಟು ತಿಂಗಳು ತನ್ನ ಮರ್ಯಾದೆಯನ್ನು ಎಡಗೈಯಲ್ಲಿ ಎತ್ತಿ ಇಳಿಸಿ ಕಾಪಾಡಿದ್ದನ್ನು ಅವನಿಗೆ ಸಹಿಸಲಾಗಲಿಲ್ಲ. ಕೃತಜ್ಞತೆ ಬರಬೇಕಾದ ಕಡೆ ಸಿಟ್ಟು ಬಂತು.

ಶಾಮಿಯಾನಾದ ಕಡೆಯಿಂದ ಸೀಟಿ ಕೇಳಿಸಿತು. ಚಾಲಕರು ಸಾಲು ನಿಲ್ಲಬೇಕಿತ್ತು. ಅಂದಾನಿ ಟೀ ಮುಗಿಸಿ ಲೋಟ ಬೋರಲು ಹಾಕಿದ.

“ಒಸಿ ಒಳಕ್ಕೆ ತಳ್ಬುಡಿ ಸಾ. ನೀವು ಮುಟ್ಟಿದ್ರಲ್ಲ, ಸಡ್ಲ ಆಗಿರ್ತದೆ.”

ಅವನು ಹೋದ ಮೇಲೆ ಸದಾನಂದ ಬೆಣೆಯನ್ನು ಹೊರಗೆ ಎಳೆದ. ಹೆಬ್ಬೆರಳಿನಷ್ಟು ಉದ್ದ, ಗ್ರೀಸು ಕುಡಿದು ಕಪ್ಪಾಗಿತ್ತು. ಕೆತ್ತಿದವನಿಗೆ ಕೆಲಸ ಗೊತ್ತಿತ್ತು. ಅದನ್ನು ಕರ್ಚೀಫಿನಲ್ಲಿ ಒರೆಸಿ ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಒಂದು ಸಲ, ಎಂದುಕೊಂಡ. ಬೆಣೆಯಿಲ್ಲದೆ ಒಂದೇ ಒಂದು ಸಲ ಅದು ತಾನಾಗಿ ಮುಚ್ಚಿಕೊಳ್ಳುವುದನ್ನು ನೋಡಬೇಕು.

ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತ. ಇವತ್ತು ಬೆಳಗಾದದ್ದೇ ಸರಿಯಿರಲಿಲ್ಲ. ಬೆಸೆಂಟ್ ನಗರದ ಮೂರನೇ ಮಹಡಿಯ ಮನೆಯಲ್ಲಿ ಸಮುದ್ರದ ಗಾಳಿಗೆ ನಡುಮನೆಯ ಬಾಗಿಲು ಧಡ್ ಎಂದು ಬಡಿದೇ ಎಚ್ಚರವಾಗಿತ್ತು. ಬಾಗಿಲು ಮೆಲ್ಲಗೆ ಮುಚ್ಚಲೆಂದು ಅವನು ಅದರ ನೆತ್ತಿಗೆ ಎಣ್ಣೆ ತುಂಬಿದ ಪರದೇಶದ ಯಂತ್ರವೊಂದನ್ನು ಹಾಕಿಸಿದ್ದ. ಮೂರು ತಿಂಗಳಿಗೆ ಉಪ್ಪುಗಾಳಿ ಅದನ್ನು ತಿಂದು, ಎಣ್ಣೆ ಗೋಡೆಗಿಳಿದಿತ್ತು. ಗುಂಡುಕಲ್ಲು ಅಡ್ಡ ಇಡೋಣ ಎಂದ ತಾಯಿ ಜಯಲಕ್ಷ್ಮಮ್ಮನಿಗೆ, ಇದು ಮನೆ, ಕೊಟ್ಟಿಗೆಯಲ್ಲ ಎಂದಿದ್ದ.

ಅವಳನ್ನು ಮೈಲಾಪೂರದ ಗುಡಿಗೆ ಬಿಡಲು ಹೋಗುವಾಗ ಕಾರಿನ ಗಾಜು ನಾಲ್ಕು ಬೆರಳಷ್ಟು ಇಳಿದು ನಿಂತುಬಿಟ್ಟಿತ್ತು. ಗುಂಡಿ ಒತ್ತಿದರೆ ಗುರ್ ಎನ್ನುತ್ತಿತ್ತು, ಏರುತ್ತಿರಲಿಲ್ಲ.

“ಹಳೇ ಫಿಯಟ್ಟಲ್ಲಿ ಕೈಯಲ್ಲಿ ತಿರುಗಿಸ್ತಿದ್ವಲ್ಲೋ,” ಎಂದಿದ್ದಳು ತಾಯಿ. “ಅದು ಯಾವತ್ತಾದರೂ ಹೀಗೆ ನಿಂತಿತ್ತಾ?”

ಅವನು ಮತ್ತೆ ಗುಂಡಿ ಒತ್ತಿದ್ದ. ಅವನ ಹೆಸರಿನಲ್ಲಿ ಅರ್ಚನೆ ಮಾಡಿಸಲು ಅವಳು ಇಳಿದು ಹೋಗಿದ್ದಳು.

ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ಅಂದಾನಿ ಓಡುತ್ತ ಬಂದ. ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ ಟ್ಯಾಂಕು ಹತ್ತಿ, ಸೀಟಿನಲ್ಲಿ ಇಳಿದು ಕೂತ. ಅಲ್ಲಿಂದ ಸಂದಿ ಕಾಣುವುದಿಲ್ಲ.

“ಬೆಣೆ ಅದೇ ಅಲ್ವಾ ಸಾ?”

“ಹೂಂ.”

ಅಂದಾನಿ ತಲೆಯಾಡಿಸಿ ಎಂಜಿನ್ ಚಾಲೂ ಮಾಡಿದ. ಇನ್ನೊಂದು ಮಾತು ಆಡುವಷ್ಟು ಸಮಯವಿತ್ತು. ಸದಾನಂದ ಪಕ್ಕಕ್ಕೆ ಸರಿದು ನಿಂತ.

ಸಮಿತಿಯವರು ಶಾಮಿಯಾನಾದಲ್ಲಿ ಎಳನೀರು ಕುಡಿಯುತ್ತ ಕೂತಿದ್ದರು. ಟ್ಯಾಂಕು ಮೈದಾನವನ್ನು ಒಂದು ಸುತ್ತು ಹಾಕಿ ಅವರ ಮುಂದೆ ಬಂದು ನಿಂತಿತು. ನಿರ್ದೇಶಕರು ಕೈ ಎತ್ತಿದರು. ಫಿರಂಗಿ ತಿರುಗತೊಡಗಿತು. ಅಂದಾನಿಯ ಸೀಟು ಇಳಿಯಿತು, ಹೆಲ್ಮೆಟ್ಟು ಒಳಗೆ ಹೋಯಿತು. ಪ್ರತಿದಿನದಂತೆ ಎಡಗೈ ಮಾತ್ರ ಮೇಲೆ ಬಂದು ಅಂಚನ್ನು ಹಿಡಿಯಿತು.

ಕೈ ಎಳೆಯುವ ಮೊದಲೇ ಮುಚ್ಚಳ ಬಂತು. ತಾನಾಗಿ ಬಂತು, ನಕ್ಷೆಯಲ್ಲಿ ಬರೆದ ವೇಗದಲ್ಲೇ ಬಂತು. ಸದಾನಂದನಿಗೆ ಸಂತೋಷವಾಯಿತು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವನ ಯಂತ್ರ ಅವನ ಕಣ್ಣೆದುರು ಕೆಲಸ ಮಾಡಿತ್ತು. ಒಂದು ಉಸಿರಿನಷ್ಟು ಹೊತ್ತು ಅವನು ಬೇರೇನನ್ನೂ ನೋಡಲಿಲ್ಲ.

ಮುಚ್ಚಳ ಅರ್ಧ ಅಂಗುಲ ಬಾಕಿ ಇರುವಾಗ ನಿಂತಿತು. ಸ್ವಲ್ಪ ಎದ್ದು ಮತ್ತೆ ಒತ್ತಿತು. ಸರಿಯಾಗಿ ಮುಚ್ಚದಿದ್ದರೆ ಮೂರು ಸಲ ಪ್ರಯತ್ನಿಸಬೇಕು ಎಂಬ ಸಾಲನ್ನು ಪ್ರೋಗ್ರಾಮಿನಲ್ಲಿ ಬರೆದವನು ಸದಾನಂದನೇ. ಮುಚ್ಚಳ ಆ ಸಾಲನ್ನು ಪಾಲಿಸಿತು. ಮೂರನೆಯ ಸಲ ಪೂರ್ತಿ ಕೂತಿತು. ಹಸಿರು ದೀಪ ಹತ್ತಿತು. ಶಾಮಿಯಾನಾದಲ್ಲಿ ಇಬ್ಬರು ಚಪ್ಪಾಳೆ ತಟ್ಟಿದರು.

ಎಂಜಿನ್ ನಿಂತ ಮೇಲೆ ಒಳಗಿನಿಂದ ಬಡಿಯುವ ಸದ್ದು ಕೇಳಿಸಿತು. ಒಂದೇ ಕೈಯಲ್ಲಿ ಬಡಿಯುವ ಸದ್ದು.

ತೆರೆಯಬೇಕಾದರೆ ಹನ್ನೊಂದು ಸೆನ್ಸರುಗಳೂ ಒಪ್ಪಬೇಕು. ಒಂದರ ಮೇಲೆ ರಕ್ತ ಹರಿದಿತ್ತು, ಅದು ಒಪ್ಪಲಿಲ್ಲ. ಸದಾನಂದ ಗುಂಡಿ ಒತ್ತಿದ, ಮತ್ತೆ ಮತ್ತೆ ಒತ್ತಿದ. ಕೊನೆಗೆ ವರ್ಕ್‌ಶಾಪಿನ ಮುದುಕ ಮೆಕ್ಯಾನಿಕ್ ಕಿಟ್ಟು ಹಾರೆಕೋಲು ತಂದು, ಅವನನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿ, ಮುಚ್ಚಳವನ್ನು ಮೀಟಿ ತೆಗೆದ. ಹನ್ನೊಂದು ನಿಮಿಷ ಹಿಡಿಯಿತು.

ಎರಡು ಗಂಟೆಗೆ ನಿರ್ದೇಶಕರ ಕೋಣೆಯಲ್ಲಿ ವಿಚಾರಣೆ ನಡೆಯಿತು. ಏಸಿ ತಣ್ಣಗಿತ್ತು. ಯಂತ್ರದ ದಾಖಲೆಯನ್ನು ಮೇಜಿನ ಮೇಲೆ ಹರಡಿದ್ದರು. ದೋಷ ಸೊನ್ನೆ.

“ಏನು ಮಾಡಬೇಕಿತ್ತೋ ಅದನ್ನೇ ಮಾಡಿದೆ, ಅಲ್ಲವೆ?” ಎಂದರು ನಿರ್ದೇಶಕರು ಇಂಗ್ಲಿಷಿನಲ್ಲಿ.

“ಹೌದು.”

“ಮತ್ತೆ ಅವನ ಕೈ ಅಲ್ಲಿ ಯಾಕಿತ್ತು?”

ಜೇಬಿನ ಬೆಣೆಯ ಚೂಪು ತೊಡೆಗೆ ಒತ್ತುತ್ತಿತ್ತು. ಅದನ್ನು ತೆಗೆದು ದಾಖಲೆಯ ಮೇಲಿಟ್ಟರೆ ಸಾಕಿತ್ತು. ಅದು ಅಷ್ಟು ಸರಳವಾಗಿತ್ತು. ಸದಾನಂದನಿಗೆ ಸರಳವಾದದ್ದು ಯಾವತ್ತೂ ಕೈಗೂಡಿರಲಿಲ್ಲ.

“ಗೊತ್ತಿಲ್ಲ,” ಎಂದ.

ಸಮಿತಿಯ ಹಿರಿಯರು ಮೃದು ಮನುಷ್ಯರು. “ಕೈ ಇದೆಯೋ ಇಲ್ಲವೋ ತಿಳಿಯುವ ಸೆನ್ಸರ್ ಒಂದನ್ನು ಸೇರಿಸಬಹುದಲ್ಲ?” ಎಂದರು.

“ಸೇರಿಸಬಹುದು.”

ಹನ್ನೆರಡನೆಯದು ಎಂದು ಬರೆದುಕೊಂಡರು. ಮುಚ್ಚಳವನ್ನು ಒಪ್ಪಿದರು. ಇನ್ನೊಂದು ಕಾಗದವನ್ನು ಸಹಿಗೆಂದು ಸದಾನಂದನ ಮುಂದೆ ಸರಿಸಿದರು. ಚಾಲಕನ ಅಜಾಗರೂಕತೆ ಎಂದಿತ್ತು. ಆ ಎರಡು ಪದ ಇದ್ದರೆ ಅಂದಾನಿಗೆ ಗಾಯದ ಪಿಂಚಣಿ ಸಿಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅವನ ಪೆನ್ನು ಮೊದಲು ಬರೆಯಲಿಲ್ಲ. ನಿರ್ದೇಶಕರು ತಮ್ಮದನ್ನು ಕೊಟ್ಟರು.

ಸೈನ್ಯದ ಆಸ್ಪತ್ರೆಗೆ ಹೋದಾಗ ಐದು ಗಂಟೆ. ಹೋಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಹೋದ. ಅಂದಾನಿ ಬಲಗೈ ಊರಿ ಏಳಲು ನೋಡಿದ. ಎಡಗೈ ದೊಡ್ಡ ಬಿಳಿ ಉಂಡೆಯಾಗಿ ಎದೆಯ ಮೇಲಿತ್ತು.

“ಎಷ್ಟು?” ಎಂದು ಕೇಳಿದ ಸದಾನಂದ.

“ನಾಲ್ಕು ಸಾ. ಹೆಬ್ಬೆಟ್ಟು ಅದೆ.”

ಅಂದಾನಿ ಆಚೀಚೆ ನೋಡಿ ದನಿ ತಗ್ಗಿಸಿದ.

“ಬೆಣೆ ಜಾರ್ಬುಟ್ಟದೆ ಸಾ. ನಂದೇಯ ತಪ್ಪು. ಈ ಸಲ ಒಸಿ ಸಣ್ಣಕ್ಕೆ ಕೆತ್ಬುಟ್ಟಿದ್ದೆ.”

ಸದಾನಂದ ಸ್ಟೂಲಿನ ಮೇಲೆ ಸರಿದು ಕೂತ.

“ಅಲ್ಲೇ ಒಳ್ಗಡೆ ಎಲ್ಲಾರ ಬಿದ್ದಿರ್ತದೆ. ಅವ್ರ ಕೈಗೆ ಸಿಕ್ರೆ ನಾನೇ ಮಿಷನ್ ಕೆಡಿಸ್ದೆ ಅಂತ ಬರೀತಾರೆ. ಬರಿಗೈಲಿ ಮನೆಗೆ ಕಳಿಸ್ಬುಡ್ತಾರೆ. ನೀವೇ ಎತ್ತಿ ಮಡಿಕೊಬುಡಿ ಸಾ. ಯಾರ್ಗೂ ಹೇಳ್ಬೇಡಿ.”

“ಹೂಂ.”

“ನಿಮ್ಮ ಮುಚ್ಚಳ ಪಾಸಾಯ್ತಾ?”

“ಆಯಿತು.”

“ಒಳ್ಳೇದಾಯ್ತು,” ಎಂದ ಅಂದಾನಿ. ಅದರಲ್ಲಿ ವ್ಯಂಗ್ಯವೇನಾದರೂ ಇದೆಯೇ ಎಂದು ಸದಾನಂದ ಅವನ ಮುಖವನ್ನು ಹುಡುಕಿದ. ಇರಲಿಲ್ಲ. ಇದ್ದಿದ್ದರೆ ಎದ್ದು ಬರುವುದು ಸುಲಭವಾಗುತ್ತಿತ್ತು.

ಕಾರು ಹತ್ತು ಮಾರು ಹೋದೊಡನೆ ನಾಲ್ಕೂ ಬಾಗಿಲುಗಳ ಚಿಲಕ ಒಟ್ಟಿಗೆ ಟಕ್ ಎಂದು ಬಿದ್ದವು. ಹೊಸ ಕಾರಿನ ಸೌಲಭ್ಯ ಅದು. ಅವನ ಕೈ ಸ್ಟೀರಿಂಗ್ ಬಿಟ್ಟು ಮಡಿಲಿಗೆ ಬಂತು. ಹಿಂದಿನ ಆಟೋದವನು ಬೈದ. ಗಾಜು ಏರದ ಆ ನಾಲ್ಕು ಬೆರಳಿನ ಸಂದಿಯಿಂದ ಗಿಂಡಿಯ ಹೊಗೆ, ಅಡಯಾರಿನ ನಾತ, ಆಮೇಲೆ ಸಮುದ್ರದ ಗಾಳಿ ಒಂದೊಂದಾಗಿ ಒಳಗೆ ಬಂದವು.

ಮನೆಯಲ್ಲಿ ದೀಪ ಹಚ್ಚಿದ್ದರು. ಅವನು ಒಳಗೆ ಕಾಲಿಡುತ್ತಲೂ ನಡುಮನೆಯ ಬಾಗಿಲು ಬೆನ್ನ ಹಿಂದೆ ಧಡ್ ಎಂದಿತು.

“ಏನಾಯ್ತು ರೀ?” ಎಂದಳು ಹೆಂಡತಿ ಬೃಂದಾ.

“ಪಾಸಾಯಿತು.”

“ನಾನು ಹೇಳ್ಲಿಲ್ವಾ,” ಎಂದಳು ಜಯಲಕ್ಷ್ಮಮ್ಮ. ಮಧ್ಯಾಹ್ನವೇ ಶಾವಿಗೆ ಪಾಯಸ ಮಾಡಿಟ್ಟಿದ್ದಳು. ಹಣೆಗೆ ಕುಂಕುಮ ಹಚ್ಚಲು ಬಂದಾಗ ಅವನು ತಲೆ ತಗ್ಗಿಸಿದ.

ಅವನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಬೃಂದಾ ಒಗೆಯಲು ಹಾಕುವ ಪ್ಯಾಂಟಿನ ಜೇಬು ತೆಗೆದು ನೋಡಿದ್ದಳು. ಕರ್ಚೀಫು, ಕೀಲಿಕೈ, ಬೆಣೆ.

“ಇದೇನ್ರೀ ಇದು?”

“ಏನಿಲ್ಲ. ಮರದ ತುಂಡು.”

“ಬಿಸಾಕ್ಲಾ?”

ಜಯಲಕ್ಷ್ಮಮ್ಮ ಅದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದಳು.

“ಜಾಲಿ ಕಣೇ ಇದು. ಎಷ್ಟು ಹದವಾಗಿ ಕೆತ್ತಿದಾರೆ ನೋಡು. ಯಾರು ಕೊಟ್ಟಿದ್ದೋ?”

“ಆಫೀಸಿನಲ್ಲಿ ಒಬ್ಬರು.”

ಅವಳು ಬಾಗಿಲನ್ನು ಗೋಡೆಯ ಕಡೆಗೆ ತೆರೆದು, ಬಗ್ಗಿ ಬೆಣೆಯನ್ನು ಅದರ ಅಡಿಗೆ ಸಿಕ್ಕಿಸಿ, ಹಿಮ್ಮಡಿಯಿಂದ ಒಂದೇಟು ಕೊಟ್ಟಳು. ಬಾಲ್ಕನಿಯಿಂದ ಗಾಳಿ ಜೋರಾಗಿ ನುಗ್ಗಿತು. ಬಾಗಿಲು ಒಮ್ಮೆ ನಡುಗಿ ಅಲ್ಲೇ ನಿಂತಿತು.

“ಸೂಪರ್ ಪಾಟಿ,” ಎಂದು ಅಜ್ಜಿಗೆ ಹೇಳಿದಳು ಮಗಳು ಮೌನ, ಟಿವಿಯಿಂದ ಕಣ್ಣು ತೆಗೆಯದೆ. ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ತಮಿಳಿನಲ್ಲಿ ಬರುತ್ತಿತ್ತು.

ಹೆಂಗಸರು ಪಾಯಸ ಬಡಿಸಲು ಅಡುಗೆಮನೆಗೆ ಹೋದರು. ಬಹಳ ದಿನಗಳಲ್ಲಿ ಮೊದಲ ಸಲ ಬಾಗಿಲಿನ ಸದ್ದಿರಲಿಲ್ಲ. ಸದಾನಂದ ಬಾಗಿಲ ಬಳಿ ನಿಂತಿದ್ದ. ಎಡಗೈಯ ನಾಲ್ಕು ಬೆರಳುಗಳನ್ನು ಚೌಕಟ್ಟಿನ ಅಂಚಿನಲ್ಲಿ, ಬಾಗಿಲು ಬಂದು ಕೂರುವ ಜಾಗದಲ್ಲಿ ಇಟ್ಟ. ಹೆಬ್ಬೆರಳನ್ನು ಹೊರಗೆ ಉಳಿಸಿಕೊಂಡ.

“ಅಪ್ಪಾ, ಅಂಗೆ ಎನ್ನ ಪಣ್ರೆ?” ಅಲ್ಲೇನು ಮಾಡುತ್ತಿದ್ದೀಯ ಎಂದು ಕೇಳಿದಳು ಮೌನ.

“ಏನಿಲ್ಲ.”

“ಪಾಯಸ ಆರಿಹೋಗುತ್ತೆ ಬಾರೋ,” ಎಂದಳು ಒಳಗಿನಿಂದ ತಾಯಿ.

ಅವನು ಕೈ ತೆಗೆಯಲಿಲ್ಲ. ಕೆಳಗೆ, ನೆಲಕ್ಕೂ ಬಾಗಿಲಿಗೂ ನಡುವೆ ಬೆಣೆ ಕಪ್ಪಗೆ ಕಾಣುತ್ತಿತ್ತು. ಸಮುದ್ರದ ಕಡೆಯಿಂದ ಮತ್ತೆ ಗಾಳಿ ಬಂತು. ಕ್ಯಾಲೆಂಡರ್ ಗೋಡೆಗೆ ಬಡಿಯಿತು, ಬಾಗಿಲು ನಡುಗಿತು. ಬೆಣೆ ಅಲುಗಲಿಲ್ಲ. ಅವನು ಬೆರಳುಗಳನ್ನು ಇನ್ನಷ್ಟು ಒಳಗೆ ಸರಿಸಿ, ಮುಂದಿನ ಗಾಳಿಗೆ ಕಾಯುತ್ತ ನಿಂತ.