ಅಳುವ ಮುಂಚಿನ ಗುಳಿಗೆ

ಅಬೀದಕ್ಕ ಅಳುವುದಕ್ಕೆ ಮೊದಲು ಗುಳಿಗೆ ನುಂಗುತ್ತಾರೆ. ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಯಾರಾದರೂ ತೀರಿಕೊಂಡರೆ, ಗಾಳಿಯಿಳಿದ ಆಟೋದಂತೆ ಮೆಲ್ಲಗೆ ನಡೆದು ಬಂದು, ಆ ಮನೆಯ ಹೊಸ್ತಿಲ ಹೊರಗೇ ನಿಂತು, ತಾವು ತೊಟ್ಟ, ದಿವಂಗತ ಗಂಡನ ಖಾಕಿ ಕೋಟಿನ ಎಡಜೇಬಿನಿಂದ ನಿತ್ಯದ ಪ್ರಮಾಣದ ಮೇಲೊಂದು ಬಿಳಿ ಗುಳಿಗೆ ತೆಗೆದು ನುಂಗಿ, ಗುಟುಕು ನೀರು ಕುಡಿದು, ಆಮೇಲೆ ಒಳಗೆ ಹೋಗಿ ಮನಸಾರೆ ಅಳುತ್ತಾರೆ. ಹೊಸಬರಿಗೆ ಇದು ನಾಟಕದ ಪೂರ್ವಸಿದ್ಧತೆಯಂತೆ ಕಂಡೀತು. ಓಣಿಯವರಿಗೆ ಮಾತ್ರ ಗೊತ್ತು, ಅವರು ಗುಳಿಗೆ ನುಂಗಿ ಬಂದರೆ ಸತ್ತವರನ್ನು ನಿಜಕ್ಕೂ ಹಚ್ಚಿಕೊಂಡಿದ್ದರೆಂದು.

ನಮ್ಮೆಲ್ಲರ ಮೂತ್ರಪಿಂಡಗಳ ನೆತ್ತಿಯ ಮೇಲೆ ಒಂದೊಂದು ಪುಟ್ಟ ಗ್ರಂಥಿಯಿದೆ. ಲಿವರಿನಿಂದ ಬರುವ, ನಾವು ಹೆಸರು ಕೇಳಿದರೇ ಬೆಚ್ಚಿಬೀಳುವ ಕೊಲೆಸ್ಟ್ರಾಲನ್ನೇ ಅದು ಜೀವ ಹಿಡಿದು ನಿಲ್ಲಿಸುವ ಹಾರ್ಮೋನಾಗಿ ಮಾರ್ಪಡಿಸುತ್ತದೆ. ಜ್ವರವೋ ಭಯವೋ ದುಃಖವೋ ಬಂದಾಗ ಯಾರ ಅಪ್ಪಣೆಗೂ ಕಾಯದೆ ಹೆಚ್ಚು ದುಡಿಯುತ್ತದೆ. ಅಬೀದಕ್ಕನ ಆ ಗ್ರಂಥಿಗಳನ್ನು ಹಿಂದೊಮ್ಮೆ ಬಂದ ಕ್ಷಯ ತಿಂದುಹಾಕಿದೆ. ದೊಡ್ಡ ಸಂಕಟ ಎದುರಾಗುವಲ್ಲಿ ಹೆಚ್ಚಿನ ಗುಳಿಗೆಯನ್ನು ಮೊದಲೇ ತೆಗೆದುಕೊಳ್ಳಬೇಕೆಂದು, ಇಲ್ಲದಿದ್ದರೆ ಜೀವಕ್ಕೇ ಅಪಾಯವೆಂದು ಡಾಕ್ಟರು ಹೇಳಿದ್ದಾರೆ. ಆಟೋರಿಕ್ಷಾಗಳ ಸೀಟು ಹೊಲಿಯುವ ಅಬೀದಕ್ಕ ಇದನ್ನೆಲ್ಲ ತಮ್ಮ ಕಸುಬಿನ ಮಾತಿನಲ್ಲೇ ಮುಗಿಸುತ್ತಾರೆ: "ಲಿವರಿನಿಂದ ಮಾಲು ಬರಾಕತ್ತೈತ್ರಿ, ಹೊಲಿಯೂ ಮಷೀನ ಬಂದ್ ಬಿದ್ದೈತಿ." ದೇಹದಲ್ಲಿ ಉಪ್ಪು ಉಳಿಸುವ ಹಾರ್ಮೋನೂ ಇಲ್ಲವಾದ್ದರಿಂದ ಕೋಟಿನ ಬಲಜೇಬಿನಲ್ಲಿ ಸದಾ ಉಪ್ಪಿನ ಪೊಟ್ಟಣ. ಚಹಾಕ್ಕೂ ಚಿಟಿಕೆ ಉಪ್ಪು ಉದುರಿಸಿಕೊಳ್ಳುವ ಅವರನ್ನು ನಾನು ಕಾಡಿಸಿದರೆ, ಸೂಜಿಯಿಂದ ಕಣ್ಣೆತ್ತದೆ, "ನಿಮ್ಮ ಸಕ್ಕರಿಗೆ ನಾ ಏನರ ಅಂದೇನೇನ್ರಿ?" ಎನ್ನುತ್ತಾರೆ.

ಹೋದ ಬೇಸಿಗೆಯಲ್ಲಿ ಧಾರವಾಡದಲ್ಲಿದ್ದ ಅವರ ತಮ್ಮ ಇಕ್ಬಾಲ ತೀರಿಕೊಂಡ. ಅಕ್ಕನ ಗಂಡನ ಮಣ್ಣಿಗೆ ಬರದಿದ್ದವನು. ಅಂದಿನಿಂದ ಇಬ್ಬರ ನಡುವೆ ಮಾತಿರಲಿಲ್ಲ. ಸುದ್ದಿ ಬಂದರೂ ಅಬೀದಕ್ಕ ಕೈಯಲ್ಲಿದ್ದ ಸೀಟು ಮುಗಿಸಿಯೇ ಎದ್ದರು. ಅವರನ್ನೂ ಸೊಸೆ ಅಫ್ರೀನ್‌ಳನ್ನೂ ನಾನೇ ಕಾರಿನಲ್ಲಿ ಕರೆದೊಯ್ದೆ. ಆ ಮನೆಯ ಹೊಸ್ತಿಲಲ್ಲಿ ಅಫ್ರೀನ್ ನೀರಿನ ಬಾಟಲಿ ಚಾಚಿ ಗುಳಿಗೆಯ ನೆನಪು ಮಾಡಿದಳು.

"ಮಾರಿ ನೋಡಿ ಬರೂದಷ್ಟ ಐತಿ. ಅವಗ ಅದು ಬ್ಯಾಡ," ಎಂದು ಅಬೀದಕ್ಕ ಒಳಗೆ ನಡೆದರು.

ಬಾಗಿಲಲ್ಲೇ ನಿಂತಿದ್ದ ನನಗೆ ಎಲ್ಲ ಕಂಡಿತು. ಮುಖದ ಮೇಲಿನ ಬಟ್ಟೆ ಸರಿಸಿದಾಗ ಅವರು ಅಳಲಿಲ್ಲ. ತಮ್ಮನ ಗದ್ದದ ಮೇಲಿದ್ದ, ಬಾಲ್ಯದ ಯಾವುದೋ ಗಾಯದ ಕಲೆಯನ್ನು ಬೆರಳಿನಿಂದ ಮುಟ್ಟಿದರು. ಮುಟ್ಟಿದವರು ಅಲ್ಲೇ ಕುಸಿದರು. ಮೈ ತಣ್ಣಗಾಗಿತ್ತು, ನಾಡಿ ಸಿಗುತ್ತಿರಲಿಲ್ಲ. ಕೋಟಿನ ಒಳಜೇಬಿನಲ್ಲಿ ಇಂಥ ಹೊತ್ತಿಗೆಂದೇ ಇಟ್ಟಿದ್ದ ಚುಚ್ಚುಮದ್ದನ್ನು ಅಫ್ರೀನ್ ತೊಡೆಗೆ ಕೊಡದಿದ್ದರೆ, ಆ ಮನೆಯಿಂದ ಎರಡು ಹೆಣ ಹೊರಡುತ್ತಿದ್ದವು. ಆಸ್ಪತ್ರೆಯವರೆಗೆ ನಾನು ಕಾರನ್ನು ಹೇಗೆ ಓಡಿಸಿದೆನೋ ನನಗೇ ತಿಳಿಯದು.

ಮರುದಿನ ಹಾಸಿಗೆಯಲ್ಲಿ ಒರಗಿ ಕುಳಿತು, ಗೋಡೆ ನೋಡುತ್ತ ಹೇಳಿದರು: "ಅಂವಾ ನನಗ ಏನೂ ಅಲ್ಲ ಅಂತ ನಾ ಖರೇನ ತಿಳಕೊಂಡಿದ್ನಿರಿ."

ನಲವತ್ತನೆಯ ದಿನದ ಪ್ರಾರ್ಥನೆಗೆ ಮತ್ತೆ ಅದೇ ಮನೆಗೆ ಹೋದೆವು. ಈ ಸಲ ಅಫ್ರೀನ್ ಬಾಯಿ ತೆರೆಯುವ ಮೊದಲೇ ಅಬೀದಕ್ಕ ನೀರಿಗೆ ಕೈಚಾಚಿದರು.

ನಮ್ಮಂಥವರು ಯಾರನ್ನು ಎಷ್ಟು ಹಚ್ಚಿಕೊಂಡಿದ್ದೇವೆಂದು ಒಮ್ಮೆಯೂ ಒಪ್ಪಿಕೊಳ್ಳದೆ ಬದುಕಿ ಮುಗಿಸಬಹುದು. ನಮ್ಮ ಹಟಕ್ಕೆ ಕಿವಿಗೊಡದ ಗ್ರಂಥಿಯೊಂದು ಒಳಗೊಳಗೇ ಎಲ್ಲವನ್ನೂ ಸಂಭಾಳಿಸಿಬಿಡುತ್ತದೆ. ಅಬೀದಕ್ಕನಂಥವರಿಗೆ ಆ ಸೌಕರ್ಯವಿಲ್ಲ. ಪ್ರೀತಿಸಿದ್ದೆನೆಂದು ಅವರು ಹೊಸ್ತಿಲು ದಾಟುವ ಮೊದಲೇ ಒಪ್ಪಿಕೊಳ್ಳಬೇಕು.